ಅಲರ್ಜಿ ನಿತ್ರಾಣದ ಕಾಯಿಲೆಯೇ?

ಅರಸೀಕೆರೆ ಸೀಮೆಯಲ್ಲಿ ರಾಗಿ ಒಕ್ಕಣೆಯ ದೂಳಿಗೆ ಸೀನು ಹತ್ತಿದವರಿಗೂ, ಹಳೇಬೀಡಿನ ಹೊಲದ ಬದುವಿನಲ್ಲಿ ಕಾಂಗ್ರೆಸ್ ಗಿಡ ಕಿತ್ತು ಮುಖ, ಕತ್ತು, ಮೊಣಕೈ ತುರಿಸಿ ಕಪ್ಪಿಟ್ಟವರಿಗೂ, ಬೇಲೂರಿನ ಕಾಫಿ ತೋಟದಲ್ಲಿ ಹೆಜ್ಜೇನು ಕಡಿದು ಮೈಯೆಲ್ಲ ದಡಿಕೆ ಎದ್ದವರಿಗೂ ನಮ್ಮಲ್ಲಿ ಸಿಗುವ ವಿವರಣೆ ಒಂದೇ: ‘ಮೈಯಲ್ಲಿ ಶಕ್ತಿ ಇಲ್ಲ, ಅದಕ್ಕೇ ಒಗ್ಗಲ್ಲ.’ 2020ರ ಕೊರೊನಾ ಕಾಲದಿಂದ ಈಚೆಗೆ ಇದೇ ಹಳೆಯ ಮಾತನ್ನು ‘ಇಮ್ಯುನಿಟಿ ಕಮ್ಮಿ’ ಎಂದು ಹೇಳುವುದು ರೂಢಿಯಾಗಿದೆ. ಮಾತು ಬದಲಾದರೂ ಒಳಗಿನ ತರ್ಕ ಬದಲಾಗಿಲ್ಲ. ಅದನ್ನು ಬಿಡಿಸಿಟ್ಟರೆ ಮೂರು ಮೆಟ್ಟಿಲುಗಳು ಕಾಣುತ್ತವೆ:

1. ರೋಗನಿರೋಧಕ ಶಕ್ತಿ ಎಂಬುದು ಒಂದೇ ಪದಾರ್ಥ. ಒಬ್ಬರಲ್ಲಿ ಹೆಚ್ಚಿರುತ್ತದೆ, ಇನ್ನೊಬ್ಬರಲ್ಲಿ ಕಡಿಮೆ.

2. ಹೆಚ್ಚಿದ್ದವರಿಗೆ ಹೊರಗಿನ ಯಾವುದೂ ತಾಗುವುದಿಲ್ಲ. ಕಡಿಮೆ ಇದ್ದವರಿಗೆ ದೂಳು, ಪರಾಗ, ಕೊನೆಗೆ ನಂಜೆಂದು ಹೆಸರಾದ ಬದನೆಕಾಯಿಯೂ ತಾಗುತ್ತದೆ.

3. ಆದ್ದರಿಂದ ಶಕ್ತಿ ಹೆಚ್ಚಿಸುವ ಕಷಾಯ, ಪುಡಿ, ಟಾನಿಕ್ಕುಗಳೇ ಅಲರ್ಜಿಗೆ ಮದ್ದು.

ಇದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕಿದರೆ ನ್ಯಾಯವಾಗುವುದಿಲ್ಲ, ಏಕೆಂದರೆ ಇದರ ಬೆನ್ನಿಗೆ ಕಣ್ಣಾರೆ ಕಂಡ ಸಂಗತಿಗಳಿವೆ. ಹೊಟ್ಟೆಗೆ ಸಾಲದ ಮಗುವಿಗೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರಿಗೆ, ಎಚ್ಐವಿ ತಗಲಿದವರಿಗೆ ಸೋಂಕುಗಳನ್ನು ತಡೆಯುವ ತಾಕತ್ತು ನಿಜವಾಗಿಯೂ ಕುಗ್ಗಿರುತ್ತದೆ. ಆಸ್ತಮಾ ಇರುವ ಮಗು ಸಾಮಾನ್ಯ ನೆಗಡಿಗೂ ಬೇರೆ ಮಕ್ಕಳಿಗಿಂತ ಹೆಚ್ಚು ನರಳುತ್ತದೆ. ಇಸುಬಿನ ಚರ್ಮದಲ್ಲಿ ಕೀವು ಬೇಗ ಕಟ್ಟುತ್ತದೆ. ಅಲರ್ಜಿಯೂ ಸೋಂಕೂ ಒಂದೇ ಮೈಯಲ್ಲಿ ಜೊತೆಯಾಗಿ ಕಂಡಾಗ ಎರಡಕ್ಕೂ ಒಂದೇ ಕಾರಣವಿರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಮನೆಮದ್ದಿನ ಅನುಭವವೂ ನಂಬಿಕೆಗೆ ಇಂಬು ಕೊಡುತ್ತದೆ. ಪಿತ್ತದ ಗಂಧೆ ಎದ್ದರೆ ದೊಡ್ಡಪತ್ರೆಯ ರಸ ಹಚ್ಚುತ್ತಾರೆ, ಮಾರನೆಯ ದಿನ ಗಂಧೆ ಇರುವುದಿಲ್ಲ. ಆದರೆ ಗಂಧೆಯ ಒಂದೊಂದು ದಡಿಕೆಯೂ ಸಾಮಾನ್ಯವಾಗಿ 24 ಗಂಟೆಯೊಳಗೆ ತಾನಾಗಿ ಇಳಿಯುವಂಥದ್ದು. ಏನು ಹಚ್ಚಿದರೂ, ಏನೂ ಹಚ್ಚದಿದ್ದರೂ ಅದು ಮರುದಿನಕ್ಕೆ ಮಾಯ. ಇನ್ನು ಕಂಬಳಿಯಿಂದ ಮೈ ತಿಕ್ಕುವ ಪದ್ಧತಿ ಇದೆಯಲ್ಲ, ಉಜ್ಜಿದ ಜಾಗದಲ್ಲೇ ದಡಿಕೆ ಏಳುವ ಬಗೆಯ ಗಂಧೆಯವರಿಗೆ ಅದು ಮದ್ದಿಗಿಂತ ಕಾಯಿಲೆಗೇ ಹತ್ತಿರ.

ಮೊದಲ ಮೆಟ್ಟಿಲಿನಿಂದಲೇ ಶುರು ಮಾಡೋಣ. ರೋಗನಿರೋಧಕ ಶಕ್ತಿಯನ್ನು ನಾವು ಹಳೇಬೀಡಿನ ದ್ವಾರಸಮುದ್ರ ಕೆರೆಯ ನೀರಿನ ಮಟ್ಟದಂತೆ ಕಲ್ಪಿಸಿಕೊಂಡಿದ್ದೇವೆ: ತುಂಬಿದಷ್ಟೂ ಒಳ್ಳೆಯದು, ಇಳಿದರೆ ಕೇಡು. ಆದರೆ ಕೆರೆಯ ಕೆಳಗೆ ಗದ್ದೆ ಮಾಡುವವನಿಗೆ ಬರಿಯ ಮಟ್ಟ ಗೊತ್ತಿದ್ದರೆ ಸಾಲದು. ಯಾವ ತೂಬು, ಯಾವಾಗ, ಎಷ್ಟು ತೆರೆಯಿತು ಎಂಬುದರ ಮೇಲೆ ಬೆಳೆ ನಿಂತಿದೆ. ದೇಹದ ರಕ್ಷಣೆಯಲ್ಲಿ ಪ್ರತಿಕಾಯಗಳ ಬೇರೆ ಬೇರೆ ವರ್ಗಗಳಿವೆ, ಟಿ ಕೋಶಗಳ ಬೇರೆ ಬೇರೆ ಪಂಗಡಗಳಿವೆ, ಬ್ಯಾಕ್ಟೀರಿಯಾ ನುಂಗುವ ಕೋಶಗಳಿವೆ, ಇವನ್ನೆಲ್ಲ ತಡೆದು ಹಿಡಿಯುವ ಕೋಶಗಳೂ ಇವೆ. ಒಂದು ಹೆಚ್ಚಾದಾಗ ಇನ್ನೊಂದು ತಗ್ಗುವುದುಂಟು. ಇವೆಲ್ಲವನ್ನೂ ಕೂಡಿಸಿ ಒಂದು ಅಂಕಿಯಾಗಿ ಕೊಡುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ. ಹೀಗೆ ಅಳೆಯಲು ಬಾರದ ಒಂದನ್ನು ಶೇಕಡಾ ಇಷ್ಟು ಹೆಚ್ಚಿಸುತ್ತೇವೆಂದು ಡಬ್ಬಿಯ ಮೇಲೆ ಅಚ್ಚು ಹಾಕಿಸುವ ಧೈರ್ಯವನ್ನು ಮಾತ್ರ ಮೆಚ್ಚಬೇಕು.

ಎರಡನೆಯ ಮೆಟ್ಟಿಲನ್ನು ಪರೀಕ್ಷಿಸಬೇಕಾದರೆ ಅಲರ್ಜಿಯ ನಡುವೆ ನಿಂತಿರುವ ಕೋಶವನ್ನು ಹತ್ತಿರದಿಂದ ನೋಡಬೇಕು. ಅದರ ಹೆಸರು ಮಾಸ್ಟ್ ಕೋಶ. ಜರ್ಮನಿಯ ಪೌಲ್ ಎರ್ಲಿಖ್ 1878ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಬಟ್ಟೆಗೆ ಹಾಕುವ ಜಾತಿಯ ಬಣ್ಣಗಳಿಂದ ಅಂಗಾಂಶಗಳನ್ನು ಬಣ್ಣಗಟ್ಟಿ ನೋಡುತ್ತ, ಒಳಗೆಲ್ಲ ಕಣಗಳು ಕಿಕ್ಕಿರಿದ ಈ ಕೋಶವನ್ನು ಗುರುತಿಸಿದ. ಆ ಕಣಗಳಲ್ಲಿ ಅಲರ್ಜಿಗೆ ಸಂಬಂಧಿಸಿದ್ದು ಏನಿದೆ ಎಂಬುದು ಗೊತ್ತಾಗಲು ಮುಕ್ಕಾಲು ಶತಮಾನ ಬೇಕಾಯಿತು. ದೇಹದ ಹಿಸ್ಟಮೈನಿನ ದೊಡ್ಡ ದಾಸ್ತಾನು ಇಲ್ಲೇ ಇದೆಯೆಂದು ಸ್ಕಾಟ್ಲೆಂಡಿನ ಡಂಡೀಯಲ್ಲಿ ರೈಲಿ ಮತ್ತು ವೆಸ್ಟ್ ತೋರಿಸಿದ್ದು 1953ರಲ್ಲಿ. ಮಾಸ್ಟ್ ಕೋಶ ಮೂಳೆಮಜ್ಜೆಯಲ್ಲಿ ಹುಟ್ಟಿದರೂ ರಕ್ತದಲ್ಲಿ ಅಲೆಯುತ್ತ ಇರುವಂಥದ್ದಲ್ಲ. ಹೊರಜಗತ್ತು ಮೈಗೆ ತಾಗುವ ಕಡೆಗಳಲ್ಲಿ, ಅಂದರೆ ಚರ್ಮದಡಿ, ಮೂಗು ಮತ್ತು ಶ್ವಾಸನಾಳದ ಒಳಪೊರೆಯಲ್ಲಿ, ಕರುಳಿನ ಗೋಡೆಯಲ್ಲಿ, ಸಣ್ಣ ರಕ್ತನಾಳ ಮತ್ತು ನರಗಳ ಮಗ್ಗುಲಲ್ಲಿ ನೆಲೆಯೂರಿ ಅಲ್ಲೇ ಬಲಿತು ತಿಂಗಳುಗಟ್ಟಲೆ ಬದುಕುತ್ತದೆ. ಕೆರಳಿದಾಗ ಅದು ಸಂಕೇತಗಳನ್ನು ಹೊರಹಾಕುವುದು ಮೂರು ಅಲೆಗಳಲ್ಲಿ. ಮೊದಲೇ ತಯಾರಿಸಿ ಕಣಗಳಲ್ಲಿ ತುಂಬಿಟ್ಟ ಹಿಸ್ಟಮೈನ್, ಹೆಪಾರಿನ್, ಟ್ರಿಪ್ಟೇಸ್ ಮುಂತಾದ ಕಿಣ್ವಗಳು, ಒಂದಿಷ್ಟು ಟಿಎನ್ಎಫ್, ಇವು ಸೆಕೆಂಡು-ನಿಮಿಷಗಳಲ್ಲಿ ಹೊರಬೀಳುತ್ತವೆ. ಕೋಶದ ಪೊರೆಯ ಕೊಬ್ಬಿನಿಂದ ಆ ಕ್ಷಣದಲ್ಲೇ ತಯಾರಾಗುವ ಲ್ಯೂಕೋಟ್ರೈನ್ ಮತ್ತು ಪ್ರೊಸ್ಟಗ್ಲಾಂಡಿನ್‌ಗಳು ಕೆಲವೇ ನಿಮಿಷಗಳ ಅಂತರದಲ್ಲಿ ಬರುತ್ತವೆ. ಜೀನ್‌ಗಳನ್ನು ಎಬ್ಬಿಸಿ ಹೊಸದಾಗಿ ತಯಾರಿಸಬೇಕಾದ ಸೈಟೊಕೈನ್‌ಗಳು ಗಂಟೆಗಳ ನಂತರ. ಮೊದಲ ಅಲೆ ರಕ್ತನಾಳಗಳನ್ನು ಹಿಗ್ಗಿಸಿ ಸೋರಿಸುತ್ತದೆ. ಊತ, ಕೆಂಪು, ತುರಿಕೆ ಎಲ್ಲವೂ ಅದರದೇ. ಕೊನೆಯ ಅಲೆ ಬೇರೆ ಬಿಳಿ ರಕ್ತಕೋಶಗಳನ್ನು ಆ ಜಾಗಕ್ಕೆ ಕರೆಸುತ್ತದೆ. ಬೆಳಿಗ್ಗೆ ದೂಳು ಕುಡಿದವರಿಗೆ ಸಂಜೆ ಮತ್ತೆ ಎದೆ ಬಿಗಿಯುವುದುಂಟು. ಅದರ ಗುಟ್ಟು ಇದೇ.

ಮಾಸ್ಟ್ ಕೋಶಕ್ಕೆ ಇಂಥ ವಸ್ತುವಿಗೇ ಕೆರಳಬೇಕೆಂದು ಹೇಳಿಕೊಡುವವರು ಯಾರು? ಇಲ್ಲಿಗೆ ಬಂದಾಗ ‘ನಿತ್ರಾಣ’ದ ವಾದ ನೇರವಾಗಿ ಮುರಿದುಬೀಳುತ್ತದೆ. 1921ರಲ್ಲಿ ಪ್ರೌಸ್ನಿಟ್ಸ್ ಮತ್ತು ಕ್ಯೂಸ್ಟ್ನರ್ ಎಂಬ ಇಬ್ಬರು ವೈದ್ಯರು ಪ್ರಕಟಿಸಿದ ಪ್ರಯೋಗ ಬಹಳ ಸರಳವಾದದ್ದು. ಕ್ಯೂಸ್ಟ್ನರ್‌ಗೆ ಮೀನು ಒಗ್ಗುತ್ತಿರಲಿಲ್ಲ. ಪ್ರೌಸ್ನಿಟ್ಸ್‌ಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಕ್ಯೂಸ್ಟ್ನರ್‌ನ ರಕ್ತದ ಸೀರಮ್ಮನ್ನು ಪ್ರೌಸ್ನಿಟ್ಸ್ ತನ್ನ ಚರ್ಮಕ್ಕೆ ಚುಚ್ಚಿಸಿಕೊಂಡ. ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ಅಲ್ಲಿ ಮಾತ್ರ ದಡಿಕೆ ಎದ್ದಿತು. ಕೊರತೆಯಿಂದ ಬರುವ ಕಾಯಿಲೆ ಕೊಡುವುದರಿಂದ ವಾಸಿಯಾಗಬೇಕು. ಇಲ್ಲಿ ಆದದ್ದು ತದ್ವಿರುದ್ಧ: ಇಲ್ಲದ್ದನ್ನು ಕೊಟ್ಟಾಗ ಅಲರ್ಜಿ ಬಂತು. ಆ ‘ಇಲ್ಲದ್ದು’ ಐಜಿಇ ಎಂಬ ಪ್ರತಿಕಾಯವೆಂದು 1966-67ರಲ್ಲಿ ಡೆನ್ವರಿನ ಇಶಿಜಾಕಾ ದಂಪತಿ, ಉಪ್ಸಾಲದ ಯೊಹಾನ್ಸನ್ ಮತ್ತು ಬೆನ್ನಿಕ್ ಬೇರೆ ಬೇರೆಯಾಗಿ ಕಂಡುಹಿಡಿದರು. ಐಜಿಇ ಮಾಸ್ಟ್ ಕೋಶದ ಮೈಗೆ ಬಿಗಿಯಾಗಿ ಅಂಟಿ ಕೂರುತ್ತದೆ. ತನ್ನ ಗುರುತಿನ ವಸ್ತು ಬಂದು ಪಕ್ಕಪಕ್ಕದ ಐಜಿಇಗಳನ್ನು ಒಟ್ಟಿಗೆ ಹಿಡಿದಾಗ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕಣಗಳು ಅಂಚಿಗೆ ಬಂದು ಪೊರೆಯೊಡನೆ ಬೆಸೆದು ತೆರೆದುಕೊಳ್ಳುತ್ತವೆ. ಒಂದು ನಿರ್ದಿಷ್ಟ ಪರಾಗಕ್ಕೆ ನಿರ್ದಿಷ್ಟ ಪ್ರತಿಕಾಯ ಕಡೆದು, ಅದನ್ನು ಸರಿಯಾದ ಕೋಶಕ್ಕೆ ತಲುಪಿಸಿ, ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವುದು ನಿತ್ರಾಣದ ದೇಹ ಮಾಡುವ ಕೆಲಸವಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಹುಟ್ಟಿನಿಂದ ಬರುವ ಕೆಲವು ಅಪರೂಪದ ನಿರೋಧಕ ಕೊರತೆಗಳಲ್ಲಿ ಮಕ್ಕಳಿಗೆ ಸೋಂಕುಗಳ ಜೊತೆ ಇಸುಬೂ ಇರುತ್ತದೆ, ಐಜಿಇಯೂ ಏರಿರುತ್ತದೆ. ಹಾಗಾದರೆ ಕೊರತೆಗೂ ಅಲರ್ಜಿಗೂ ನಂಟಿಲ್ಲವೆನ್ನುವುದು ಹೇಗೆ? ನಂಟಿದೆ. ಆದರೆ ಅಲ್ಲಿ ಕೊರತೆಯಾಗಿರುವುದು ಯಾವುದು ಎಂದು ಕೇಳಬೇಕು. ಇವುಗಳಲ್ಲಿ ಚೆನ್ನಾಗಿ ಅರ್ಥವಾಗಿರುವ ಉದಾಹರಣೆಯೆಂದರೆ ಫಾಕ್ಸ್‌ಪಿ3 ಎಂಬ ಜೀನ್ ಕೆಟ್ಟಾಗ ಬರುವ ಕಾಯಿಲೆ. ಅಲ್ಲಿ ಕಾಣೆಯಾಗುವುದು ಉಳಿದ ಕೋಶಗಳನ್ನು ತಡೆದು ಹಿಡಿಯುವ ಟಿ ಕೋಶಗಳ ಪಂಗಡ. ಅಂದರೆ ಕೊರತೆ ಇರುವುದು ಹತೋಟಿಯಲ್ಲಿ, ಕಸುವಿನಲ್ಲಲ್ಲ. ಕಷಾಯದ ಜಾಹೀರಾತು ಹೆಚ್ಚಿಸುತ್ತೇನೆನ್ನುವುದು ಕಸುವನ್ನು. ಆಕ್ಷೇಪ ನಮ್ಮ ವಾದವನ್ನು ತಿದ್ದುತ್ತದೆಯೇ ಹೊರತು ಅವರ ವಾದವನ್ನು ಎತ್ತಿ ನಿಲ್ಲಿಸುವುದಿಲ್ಲ.

ಗೊಂದಲ ಎಷ್ಟು ಆಳವಾದದ್ದು ಎಂಬುದಕ್ಕೆ ನಮ್ಮ ಬಯಲಿನ ಕಾಂಗ್ರೆಸ್ ಗಿಡವೇ ಸಾಕ್ಷಿ. 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡು, ಅಲ್ಲಿಂದ ದಖ್ಖನಿನುದ್ದಕ್ಕೂ ಹಬ್ಬಿದ ಈ ಪಾರ್ಥೇನಿಯಂ ಒಂದೇ ಗಿಡವಾದರೂ ಮೈಗೆ ತಾಗುವುದು ಎರಡು ದಾರಿಗಳಲ್ಲಿ. ಅದರ ಪರಾಗ ಮೂಗಿಗೆ ಹೋಗಿ ಸೀನು, ಮೂಗು ಸೋರುವುದು, ಕಣ್ಣು ತುರಿಕೆ ನಿಮಿಷಗಳಲ್ಲಿ ಶುರುವಾದರೆ ಅದು ಐಜಿಇ ಮತ್ತು ಮಾಸ್ಟ್ ಕೋಶದ ಕೆಲಸ. ಗಿಡ ಮುಟ್ಟಿದವರ, ಅದರ ಒಣಪುಡಿ ಗಾಳಿಯಲ್ಲಿ ತಾಗಿದವರ ಚರ್ಮ ಒಂದೆರಡು ದಿನ ಬಿಟ್ಟು ಕೆಂಪಾಗಿ, ತುರಿಸಿ, ವರ್ಷ ಕಳೆದಂತೆ ದಪ್ಪವಾಗಿ ಕಪ್ಪಿಡುವುದು ಪಾರ್ಥೇನಿನ್ ಎಂಬ ರಾಸಾಯನಿಕದಿಂದ ಕೆರಳಿದ ಟಿ ಕೋಶಗಳ ಕೆಲಸ. ಅಲ್ಲಿ ಹಿಸ್ಟಮೈನಿನ ಪಾತ್ರ ಬಹಳ ಕಡಿಮೆ. ಮೊದಲನೆಯದನ್ನು ಗುರುತಿಸಲು ಚರ್ಮಕ್ಕೆ ಚುಚ್ಚಿ ಕಾಲು ಗಂಟೆ ಕಾಯುತ್ತಾರೆ. ಎರಡನೆಯದಕ್ಕೆ ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುತ್ತಾರೆ. ಇಬ್ಬರಿಗೂ ‘ಕಾಂಗ್ರೆಸ್ ಅಲರ್ಜಿ’ ಎಂಬ ಒಂದೇ ಹೆಸರು, ಇಬ್ಬರಿಗೂ ಅಂಗಡಿಯಲ್ಲಿ ಹಿಸ್ಟಮೈನ್ ತಡೆಯುವ ಒಂದೇ ಸೆಟ್ರಿಜಿನ್ ಮಾತ್ರೆ. ಸೀನುವವನಿಗೆ ಅದು ನಾಟುತ್ತದೆ. ಚರ್ಮ ಕಪ್ಪಿಟ್ಟವನಿಗೆ ನಿದ್ದೆ ಬಂದರೂ ಇಸುಬು ಹೋಗುವುದಿಲ್ಲ. ಆಗ ಅವನಿಗೂ ‘ಶಕ್ತಿ ಸಾಲದು’ ಎಂಬ ತೀರ್ಪು ಸಿಗುತ್ತದೆ.

ಮಾಸ್ಟ್ ಕೋಶದೊಳಗೂ ಇಂಥದೇ ವೈವಿಧ್ಯವಿದೆ. ಐಜಿಇ ಅದರ ಒಂದು ಬಾಗಿಲು ಮಾತ್ರ. ಬ್ಯಾಕ್ಟೀರಿಯಾದ ಹೊರಪೊರೆಯ ತುಣುಕು ತಾಗಿದಾಗ ಮಾಸ್ಟ್ ಕೋಶ ಕಣಗಳನ್ನು ಬಿಚ್ಚದೆಯೇ ಸೈಟೊಕೈನ್‌ಗಳನ್ನಷ್ಟೇ ಬಿಡಬಲ್ಲದು: ತುರಿಕೆ ಇಲ್ಲ, ದಡಿಕೆ ಇಲ್ಲ, ಆದರೆ ನೆರವಿಗೆ ಕರೆ ಹೋಗಿರುತ್ತದೆ. ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಿಗಳು, ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸುವ ಕೆಲವು ಮದ್ದುಗಳು ಐಜಿಇಯ ಹಂಗೇ ಇಲ್ಲದೆ ಎಂಆರ್‌ಜಿಪಿಆರ್‌ಎಕ್ಸ್2 ಎಂಬ ಇನ್ನೊಂದು ಗ್ರಾಹಕದ ಮೂಲಕ ನೇರವಾಗಿ ಅದನ್ನು ಕೆರಳಿಸಬಲ್ಲವೆಂದು 2015ರಲ್ಲಿ ಗೊತ್ತಾಯಿತು. ಮರುವರ್ಷದ ಅಧ್ಯಯನವೊಂದು ಮನುಷ್ಯರ ಮಾಸ್ಟ್ ಕೋಶಗಳಲ್ಲೇ ತೋರಿಸಿದ ಪ್ರಕಾರ ಈ ಬಾಗಿಲಿನಿಂದ ಕೆರಳಿದಾಗ ಸಣ್ಣ ಕಣಗಳು ಒಂದೊಂದಾಗಿ ಬೇಗ ಹೊರಬೀಳುತ್ತವೆ; ಐಜಿಇಯಿಂದ ಕೆರಳಿದಾಗ ಕಣಗಳು ಒಟ್ಟುಗೂಡಿ ದೊಡ್ಡದಾಗಿ, ತಡವಾಗಿ, ಹೆಚ್ಚು ಹೊತ್ತು ಹೊರಬರುತ್ತವೆ. ಚರ್ಮದ ಮಾಸ್ಟ್ ಕೋಶದಲ್ಲಿ ಈ ಗ್ರಾಹಕ ಧಾರಾಳ, ಶ್ವಾಸಕೋಶದ ಮಾಸ್ಟ್ ಕೋಶದಲ್ಲಿ ವಿರಳ. ಕೆರಳಿಸಿದ್ದು ಯಾವುದು, ಕೋಶ ಇರುವುದು ಎಲ್ಲಿ ಎಂಬುದರ ಮೇಲೆ ಹೊರಡುವ ಸಂಕೇತ ಬದಲಾಗುತ್ತದೆ. ಇಂಥದ್ದಕ್ಕೆ ಹೆಚ್ಚು-ಕಡಿಮೆಯ ಅಳತೆಗೋಲು ಹಿಡಿಯುವುದು ವ್ಯರ್ಥ.

ಈಗ ಓದಿದವರ ಗೊಂದಲಕ್ಕೆ ಬರೋಣ. ‘ಅಲರ್ಜಿ ಎಂದರೆ ಇಮ್ಯುನಿಟಿ ಕಮ್ಮಿಯಲ್ಲ, ಅತಿಯಾದದ್ದು; ಮಾಸ್ಟ್ ಕೋಶ ತಲೆಕೆಟ್ಟ ಕೋಶ, ಅದನ್ನು ಅಡಗಿಸುವುದೊಂದೇ ದಾರಿ’ ಎಂಬುದು ಇವರ ಮಾತು. ಮೊದಲ ವಾದಕ್ಕಿಂತ ಇದು ವಾಸಿ, ಆದರೂ ಅಳತೆಗೋಲು ಅದೇ. ಈ ಏರ್ಪಾಡು ಬರಿಯ ಕೇಡಲ್ಲ: ಹೊಟ್ಟೆಯ ಹುಳುಗಳ ವಿರುದ್ಧ ಐಜಿಇ ಏರುವುದು ಹಿಂದಿನಿಂದ ತಿಳಿದದ್ದೇ. 1991ರಲ್ಲಿ ಮಾರ್ಜಿ ಪ್ರೊಫೆಟ್ ಇನ್ನೂ ಮುಂದೆ ಹೋಗಿ, ಅಲರ್ಜಿಯ ಏರ್ಪಾಡು ಇರುವುದೇ ವಿಷಗಳನ್ನು ಹೊರದೂಡಲೆಂದು ವಾದಿಸಿದಾಗ ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. 1996ರಲ್ಲಿ ಎರಡು ತಂಡಗಳು ಮಾಸ್ಟ್ ಕೋಶವಿಲ್ಲದ ಇಲಿಗಳು ಬ್ಯಾಕ್ಟೀರಿಯಾ ಸೋಂಕಿಗೆ ಬೇಗ ಬಲಿಯಾಗುವುದನ್ನು ತೋರಿಸಿದವು. ಬಿಳಿ ರಕ್ತಕೋಶಗಳನ್ನು ಕರೆಸುವ ಟಿಎನ್ಎಫ್ ಅಲ್ಲಿ ಮುಖ್ಯವಾಗಿತ್ತು. 2006ರಲ್ಲಿ ಸ್ಟ್ಯಾನ್‌ಫರ್ಡಿನ ತಂಡವೊಂದು ಅಂಥ ಇಲಿಗಳಿಗೆ ಜೇನುಹುಳದ ಮತ್ತು ಕೆಲವು ಹಾವುಗಳ ವಿಷ ಹೆಚ್ಚು ಮಾರಕವೆಂದು ಕಂಡಿತು. ಮಾಸ್ಟ್ ಕೋಶದ ಕಣಗಳಲ್ಲಿರುವ ಕಾರ್ಬಾಕ್ಸಿಪೆಪ್ಟಿಡೇಸ್ ಎಂಬ ಕಿಣ್ವ ಒಂದು ಹಾವಿನ ವಿಷಾಂಶವನ್ನು ಕತ್ತರಿಸಿಹಾಕುತ್ತಿತ್ತು. 2013ರಲ್ಲಿ, ಮೊದಲು ಸ್ವಲ್ಪ ಜೇನುವಿಷ ಚುಚ್ಚಿಸಿಕೊಂಡ ಇಲಿಗಳು ಆಮೇಲಿನ ಮಾರಕ ಪ್ರಮಾಣವನ್ನು ಹೆಚ್ಚಾಗಿ ತಾಳಿಕೊಳ್ಳುತ್ತವೆ, ಐಜಿಇ ತೆಗೆದುಬಿಟ್ಟರೆ ಆ ರಕ್ಷಣೆ ಹೋಗುತ್ತದೆ ಎಂದು ಗೊತ್ತಾಯಿತು. 2016ರಲ್ಲಿ ಇದೇ ಮಾತು ಕೊಳಕುಮಂಡಲದ ವಿಷಕ್ಕೂ ಸಾಬೀತಾಯಿತು. ನಮ್ಮ ರಾಗಿ ಹೊಲಗಳಲ್ಲಿ, ತೆಂಗಿನ ತೋಟದ ಗರಿರಾಶಿಗಳಲ್ಲಿ ಕಾಲಿಗೆ ಸಿಗುವ ಅದೇ ಹಾವು.

ಈ ಪ್ರಯೋಗಗಳನ್ನೂ ತೂಗಿ ನೋಡಬೇಕು. ಇಲಿ ಮನುಷ್ಯನಲ್ಲ. ಹಳೆಯ ಪ್ರಯೋಗಗಳ ಇಲಿಗಳಲ್ಲಿ ಕಿಟ್ ಎಂಬ ಜೀನ್ ಕೆಟ್ಟಿದ್ದರಿಂದ ಮಾಸ್ಟ್ ಕೋಶದ ಜೊತೆಗೆ ಬೇರೆ ರಕ್ತಕೋಶಗಳೂ ಏರುಪೇರಾಗಿದ್ದವು. ಆಮೇಲೆ ಬಂದ, ಮಾಸ್ಟ್ ಕೋಶವನ್ನಷ್ಟೇ ಇಲ್ಲವಾಗಿಸಿದ ಇಲಿಗಳಲ್ಲಿ ಮೊದಲು ಹೇಳಿದ್ದ ಕೆಲವು ಸಂಗತಿಗಳು ಮತ್ತೆ ಕಾಣಲಿಲ್ಲ. ಆದ್ದರಿಂದ ಮಾಸ್ಟ್ ಕೋಶವನ್ನು ಸರ್ವರಕ್ಷಕನೆಂದು ಹೊಗಳುವ ಅಗತ್ಯವಿಲ್ಲ. ಇನ್ನೊಂದು ಆಕ್ಷೇಪವೂ ಇದೆ: ಮಾಸ್ಟ್ ಕೋಶ ಅಷ್ಟು ಬೇಕಾದದ್ದಾದರೆ ವರ್ಷಗಟ್ಟಲೆ ಅಲರ್ಜಿ ಮಾತ್ರೆ ನುಂಗುವವರು ಸೋಂಕುಗಳಿಂದ ಸಾಯಬೇಕಿತ್ತಲ್ಲ? ಉತ್ತರ ಆಗಲೇ ಬಂದಿದೆ. ಆ ಮಾತ್ರೆ ಮಾಸ್ಟ್ ಕೋಶವನ್ನು ಮುಚ್ಚುವುದಿಲ್ಲ. ಅದು ಬಿಟ್ಟ ಹತ್ತಾರು ಸಂಕೇತಗಳಲ್ಲಿ ಹಿಸ್ಟಮೈನ್ ಒಂದನ್ನು, ಅದೂ ಅದರ ನಾಲ್ಕು ಗ್ರಾಹಕಗಳಲ್ಲಿ ಒಂದರ ಬಳಿ, ತಡೆಯುತ್ತದೆ. ಉಳಿದ ಸಂಕೇತಗಳು ತಮ್ಮ ಪಾಡಿಗೆ ಹೋಗುತ್ತಿರುತ್ತವೆ. ಮಾತ್ರೆ ಸುರಕ್ಷಿತವಾಗಿರುವುದೂ, ಜೀವ ಹೋಗುವ ಹೊತ್ತಿನಲ್ಲಿ ಸಾಲದೇ ಹೋಗುವುದೂ ಇದೇ ಕಾರಣಕ್ಕೆ.

ಆ ಹೊತ್ತಿನ ಬಗ್ಗೆ ಹೇಳದೆ ಈ ಚರ್ಚೆ ಬರಿಯ ಪಾಂಡಿತ್ಯವಾಗುತ್ತದೆ. ಒಂದು ಜಾಗದಲ್ಲಿ ಮೂಡಬೇಕಾದ ಸಂಕೇತ ಮೈಯೆಲ್ಲ ಒಮ್ಮೆಗೇ ಮೂಡಿದರೆ ರಕ್ತನಾಳಗಳು ಹಿಗ್ಗಿ ಸೋರಿ ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಊದುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಇದು ಅನಾಫಿಲ್ಯಾಕ್ಸಿಸ್. ಒಮ್ಮೆ ಜೇನು ಕಡಿದಾಗ ಐಜಿಇ ತಯಾರಾದವನಿಗೆ ಮುಂದೆ ಒಂದೇ ಹುಳ ಸಾಕಾಗಬಹುದು. ನಿತ್ರಾಣದ ವಾದದವರು ಇಂಥವನನ್ನು ‘ತಲೆಸುತ್ತು, ಸ್ವಲ್ಪ ಗ್ಲೂಕೋಸ್ ಕೊಡಿ’ ಎಂದು ಮಲಗಿಸುತ್ತಾರೆ. ಅತಿಶಕ್ತಿಯ ವಾದದವರು ಹಿಸ್ಟಮೈನ್ ತಡೆಯುವ ಅವಿಲ್, ಸ್ಟೆರಾಯ್ಡ್ ಆದ ಡೆಕ್ಸಾ ಇಂಜೆಕ್ಷನ್ನು ಕೊಟ್ಟು ಕಾಯುತ್ತಾರೆ. ಅವಿಲ್ ತುರಿಕೆ ತಗ್ಗಿಸುತ್ತದೆ, ಕುಸಿದ ಒತ್ತಡವನ್ನು ಎತ್ತುವುದಿಲ್ಲ. ಸ್ಟೆರಾಯ್ಡ್ ಕೆಲಸ ಶುರು ಮಾಡಲು ಗಂಟೆಗಳು ಬೇಕು, ಇಲ್ಲಿರುವುದು ನಿಮಿಷಗಳು. ಬೇಕಾದದ್ದು ಅಡ್ರಿನಲಿನ್: ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಅದು ರಕ್ತನಾಳವನ್ನು ಬಿಗಿಸುತ್ತದೆ, ಶ್ವಾಸನಾಳವನ್ನು ತೆರೆಯುತ್ತದೆ, ಮಾಸ್ಟ್ ಕೋಶ ಇನ್ನಷ್ಟು ಬಿಚ್ಚಿಕೊಳ್ಳುವುದನ್ನೂ ತಡೆಯುತ್ತದೆ.

ಹಾವಿನ ಪ್ರತಿವಿಷದ ಮಾತೂ ಇದೇ. ಕುದುರೆಯ ಪ್ರತಿಕಾಯಗಳಿಂದ ತಯಾರಾಗುವ ಅದು ಕೆಲವರಲ್ಲಿ ಮೊದಲ ಸಲವೇ, ಹೆಚ್ಚಾಗಿ ಐಜಿಇಯ ಹಂಗಿಲ್ಲದೆ, ತೀವ್ರ ಪ್ರತಿಕ್ರಿಯೆ ಎಬ್ಬಿಸುತ್ತದೆ. ಆದ್ದರಿಂದಲೇ ಚರ್ಮಕ್ಕೆ ಒಂದು ತೊಟ್ಟು ಚುಚ್ಚಿ ನೋಡುವ ‘ಟೆಸ್ಟ್ ಡೋಸ್’ ಮುಂದಿನದನ್ನು ಹೇಳಲಾರದು. ಹೊತ್ತು ಮಾತ್ರ ಹಾಳು. 2011ರಲ್ಲಿ ಶ್ರೀಲಂಕಾದಲ್ಲಿ ಸಾವಿರಕ್ಕೂ ಹೆಚ್ಚು ಹಾವು ಕಡಿತದ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಪ್ರತಿವಿಷಕ್ಕೆ ಮೊದಲು ಚರ್ಮದಡಿ ಕೊಟ್ಟ ಸಣ್ಣ ಪ್ರಮಾಣದ ಅಡ್ರಿನಲಿನ್ ಮೊದಲ ಒಂದು ಗಂಟೆಯ ತೀವ್ರ ಪ್ರತಿಕ್ರಿಯೆಗಳನ್ನು ಶೇಕಡಾ 43ರಷ್ಟು ತಗ್ಗಿಸಿತು. ಹಿಸ್ಟಮೈನ್ ತಡೆಯುವ ಪ್ರೊಮೆಥಜೀನ್ ಮತ್ತು ಸ್ಟೆರಾಯ್ಡ್ ಎರಡೂ ಉಪಯೋಗಕ್ಕೆ ಬರಲಿಲ್ಲ.

ಮೂರನೆಯ ಮೆಟ್ಟಿಲಿನ ಕಷಾಯ ರುಚಿಯೆನಿಸಿದವರು ಕುಡಿಯಲಿ. ಆದರೆ ಮೂಗು ಸೋರುವವರು, ಚರ್ಮ ಕಪ್ಪಿಟ್ಟವರು ವೈದ್ಯರನ್ನು ‘ನನ್ನ ಶಕ್ತಿ ಎಷ್ಟಿದೆ’ ಎಂದು ಕೇಳುವ ಬದಲು ‘ಯಾವುದಕ್ಕೆ, ಯಾವ ದಾರಿಯಲ್ಲಿ ಇದು ಬರುತ್ತಿದೆ’ ಎಂದು ಕೇಳಲಿ. ಹೆಜ್ಜೇನು ಕಟ್ಟುವ ಮರಗಳ ಕೆಳಗೆ ಆಳು ಕೆಲಸಕ್ಕೆ ಕಳಿಸುವ ತೋಟದ ಮಾಲೀಕರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅಡ್ರಿನಲಿನ್ ಇದೆಯೇ, ಅದನ್ನು ಕೊಡಬಲ್ಲವರು ಆ ಹೊತ್ತಿಗೆ ಇರುತ್ತಾರೆಯೇ ಎಂದು ಈ ವಾರವೇ ವಿಚಾರಿಸಿ ಇಟ್ಟುಕೊಳ್ಳಬೇಕು. ಅನಾಫಿಲ್ಯಾಕ್ಸಿಸ್ ಆದವರನ್ನು ಅಲ್ಲಿಗೆ ಮಲಗಿಸಿಕೊಂಡೇ ಕರೆದೊಯ್ಯಿರಿ; ಮಲಗಿದರೆ ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ, ಆದರೆ ಎದ್ದು ನಡೆಯಲು ಬಿಡಬೇಡಿ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಅಲ್ಲೇ ಇರಿಸಿಕೊಳ್ಳಿ ಎಂದು ಕೇಳಿ, ಏಕೆಂದರೆ ಕೆಲವರಲ್ಲಿ ಅದು ಮತ್ತೆ ಬರುತ್ತದೆ.